ಹೊಸ ಏಳು ಗಂಟೆ

ಬೆನ್ನ ಮೇಲಿನ ಭಾರ ಹೆಚ್ಚಾಯಿತೇ, ಇಲ್ಲ, ಹಾಗೇ ಇದೆ, ನಿದ್ದೆ ಹೋದ ಮಗು ಎಚ್ಚರವಿರುವ ಮಗುವಿಗಿಂತ ಭಾರ, ರೌನಾಳ ಬೆನ್ನಿಗೆ ಅದು ಚೆನ್ನಾಗಿ ಗೊತ್ತು, ಎರಡು ಮಕ್ಕಳನ್ನು ಹೊತ್ತ ಬೆನ್ನು, ಮಗುವಿನ ತಲೆ ಒಂದು ಕಡೆಗೆ ವಾಲಿದ ಕೂಡಲೇ ಕಟ್ಟಿಕೊಂಡ ಬಟ್ಟೆಯ ಗಂಟು ಎದೆಗೆ ಒತ್ತುತ್ತದೆ, ಈಗ ಒತ್ತುತ್ತಿಲ್ಲ, ಆದರೂ ಕೇಳಿಬಿಡೋಣ, ಪೆಂದಾ, ಏ ಪೆಂದಾ, ಎದ್ದಿದೀಯೇನೋ, ಎದ್ದಿದೀನಿ ಮೇಮೆ, ಆಗ್ಲೇ ಹೇಳಿದ್ನಲ್ಲ, ಎಷ್ಟು ಸಲ ಕೇಳ್ತೀಯ — ಕಿವಿಯ ಹಿಂದೆ ಬಿಸಿ ಉಸಿರು, ಅಮ್ಮನನ್ನೇ ಗದರಿಸುವ ದನಿ, ಅಬ್ಬಾ, ಎದ್ದಿದ್ದಾನೆ, ಬರೀ ಎದ್ದಿರುವುದಲ್ಲ, ಕಾಲು ಆಡಿಸುತ್ತಿದ್ದಾನೆ, ಹಿಮ್ಮಡಿ ಅವಳ ಸೊಂಟಕ್ಕೆ ಬಡಿಯುತ್ತಿದೆ, ಬಡೀಲಿ, ನೀಲಿಗಟ್ಟಲಿ, ಇನ್ನೂ ಜೋರಾಗಿ ಬಡೀಲಿ, ಮರಳುಗುಡ್ಡಗಳ ಕಡೆ ಆಕಾಶ ಈಗಷ್ಟೇ ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಸಮುದ್ರದ ಕಡೆಯಿಂದ ಮಂಜು ಬೀದಿಗೆ ನುಗ್ಗಿ ಬೀದಿದೀಪಗಳ ಕತ್ತು ಹಿಡಿದಿದೆ, ಮೀನುಪುಡಿ ಕಾರ್ಖಾನೆಯ ಆ ವಾಸನೆ, ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ, ಇವತ್ತು ಅದೂ ಹಿತವಾಗಿದೆ, ಇವತ್ತು ಎಲ್ಲವೂ ಹಿತವಾಗಿದೆ, ಒದ್ದೆ ಮರಳು, ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲು, ಗುಲಾಬಿ ಪಟ್ಟೆಯ ಹೊಸ ಲಂಗದ ಅಂಚು ತೇವಕ್ಕೆ ಕಾಲಿಗೆ ಅಂಟುವುದು, ಇಷ್ಟು ಬೆಳಿಗ್ಗೆ ಮದುವೆಗೆ ಹೊರಟ ಹಾಗೆ ಉಟ್ಕೊಂಡು ಹೋಗ್ತೀಯಲ್ಲೇ ಅಂತ ಅತ್ತೆ ಹಾಸಿಗೆಯಿಂದಲೇ ಒಂದು ಕಣ್ಣು ತೆರೆದು ನಕ್ಕಿದ್ದರು, ಹೌದು ಕೂಕು, ಮದುವೆಗೇ ಹೊರಟಿದೀನಿ, ನಿಮ್ಮ ಮಗನ್ನೇ ಇನ್ನೊಂದು ಸಲ ಕಟ್ಕೊಂಡು ಬರ್ತೀನಿ.

ಮೇಮೆ, ಈಗ ನಿಜವಾಗಿ ಎಷ್ಟು ಗಂಟೆ, ಪಕ್ಕದಲ್ಲಿ ಕುಣಿಯುತ್ತ ಬರುತ್ತಿರುವ ತುಯೆನಿ ಕೇಳುತ್ತಾಳೆ, ಎಂಟು ವರ್ಷದ ಹುಡುಗಿ, ಪ್ರಶ್ನೆಗಳ ಚೀಲ, ಆರೂವರೆ ಕಣೇ, ಹೊಸ ಆರೂವರೆನಾ ಹಳೇ ಆರೂವರೆನಾ, ಹೊಸದು, ಹಳೇದು ಮೊನ್ನೆ ರಾತ್ರಿನೇ ಹೋಯ್ತು, ಎಲ್ಲಿಗೆ ಹೋಯ್ತು, ಆ ಒಂದು ಗಂಟೇನ ಎಲ್ಲಿ ಇಟ್ಟಿರ್ತಾರೆ ಮೇಮೆ, ಸರ್ಕಾರದ ಕಪಾಟಲ್ಲಿ ಬೀಗ ಹಾಕಿ ಇಡ್ತಾರೆ, ಸುಮ್ನೆ ನಡಿ — ಏನೆಂದು ಹೇಳುವುದು ಮಗುವಿಗೆ, ಚಳಿಗಾಲ ಬಂದಾಗ ಒಂದು ಗಂಟೆ ಹಿಂದಕ್ಕೆ, ಚಳಿಗಾಲ ಹೋಗುವಾಗ ಒಂದು ಗಂಟೆ ಮುಂದಕ್ಕೆ, ವರ್ಷಕ್ಕೆ ಎರಡು ಸಲ ಇಡೀ ದೇಶ ಗಡಿಯಾರದ ಕಿವಿ ಹಿಂಡುತ್ತದೆ, ಇದೇ ಕೊನೆಯ ಸಲವಂತೆ, ಇನ್ನು ಮೇಲೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ, ರೇಡಿಯೋದಲ್ಲಿ ಹೇಳಿದರು, ಕೇಳಿಸಿಕೊಂಡ ಅತ್ತೆ, ಕೂಕು ಹಿಲೇನಿ, ಕೈ ಮುಗಿದುಬಿಟ್ಟರು, ಇಷ್ಟು ವರ್ಷಕ್ಕೆ ಬುದ್ಧಿ ಬಂತಲ್ಲಪ್ಪ, ನಮ್ಮೂರ ಕೋಳಿ ಯಾವತ್ತಾದ್ರೂ ಮಂತ್ರಿಗಳನ್ನ ಕೇಳಿ ಕೂಗಿತ್ತಾ ಅಂತ. ಕೊನೆಯ ಸಲವಾದರೆ ಆಗಲಿ, ಆದರೆ ಈ ಕೊನೆಯ ಸಲವೇ ಗಂಡನ ಹಡಗು ಬರಬೇಕೇ, ಸರಿಯಾಗಿ ಗಡಿಯಾರ ತಿರುಗಿಸಿದ ಮಾರನೆಯ ಬೆಳಿಗ್ಗೆ, ಸೋಮವಾರ, ಮಕ್ಕಳು ಹಾಸಿಗೆಗೆ ಅಂಟಿಕೊಂಡು ಏಳದೆ ಇಡೀ ವಾಲ್ವಿಸ್ ಬೇ ಬಂದರೂರಿನ ಅಮ್ಮಂದಿರು ಕಿರುಚಾಡುವ ಬೆಳಿಗ್ಗೆ — ನಾತಂಗ್ವೆ ಫೋನಿನಲ್ಲಿ ಹೇಳಿದ್ದ, ಹಿಂದೆ ಎಂಜಿನ್ನಿನ ಗಡಗಡ, ಅವನು ಯಾವಾಗಲೂ ಕಿರುಚಿಯೇ ಮಾತಾಡುವುದು, ರೌನಾ, ಸೋಮವಾರ ಬರ್ತೀವಿ, ಎಣ್ಣೆ ತುಂಬಿಸ್ಕೊಂಡು ಹಂಗೇ ವಾಪಸ್ಸು, ಕಪ್ತಾನ ಒಂದು ಗಂಟೆ ಗೇಟಿನ ಹತ್ರ ಬಿಡ್ತಾನಂತೆ, ಏಳರಿಂದ ಎಂಟು, ಹೊಸ ಏಳು, ಮರೀಬೇಡ, ಆಮೇಲೆ ಸ್ವಲ್ಪ ಹೊತ್ತು ಬರೀ ಎಂಜಿನ್ನು, ಆಮೇಲೆ, ಪೆಂದಾ ಈ ಸಲನಾದ್ರೂ ಎದ್ದಿರ್ತಾನಾ.

ಎದ್ದಿರ್ತಾನಾ ಅಂತ ಕೇಳಿದನಲ್ಲ, ಆ ದನಿ, ಬೇಡುವ ದನಿಯೂ ಅಲ್ಲ ದೂರುವ ದನಿಯೂ ಅಲ್ಲ, ಹೋದ ಸೆಪ್ಟೆಂಬರಿನಲ್ಲಿ ಹೀಗೇ ಆಗಿತ್ತು, ಗಡಿಯಾರ ಮುಂದಕ್ಕೆ ಹೋದ ಮಾರನೆಯ ದಿನವೇ ಹಡಗು ಬಂತು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ್ದಳು, ಎರಡೂವರೆ ವರ್ಷ ಆಗ, ಗೊರಕೆ ಹೊಡೆಯುತ್ತಿದ್ದ, ಅಪ್ಪ ಎತ್ತಿಕೊಂಡ, ಮುದ್ದಿಟ್ಟ, ಗಡ್ಡ ಉಜ್ಜಿದ, ಕಚಗುಳಿ ಇಟ್ಟ, ಕಣ್ಣೇ ಬಿಡಲಿಲ್ಲ, ತಣ್ಣೀರಿನ ಕೈ ಕೆನ್ನೆಗಿಟ್ಟರೂ ಮಗ್ಗಲು ಬದಲಿಸಿ ಮಲಗಿದ, ಇಡೀ ಹೊತ್ತು ಅವನು ಮೀನಿನ ಮೂಟೆ ಹಿಡಿದವನ ಹಾಗೆ ಮಗುವನ್ನು ಹಿಡಿದು ನಿಂತ, ಆಮೇಲೆ ಗೇಟು ಮುಚ್ಚಿತು, ಮನೆಯ ದಾರಿಯಲ್ಲಿ ಅಂಗಡಿಯ ತಿರುವಿನಲ್ಲಿ ಇವನು ಎದ್ದು ಆಕಳಿಸಿ ಹಸಿವು ಮೇಮೆ ಅಂದ, ಅವಳಿಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಕ್ರಿಸ್‌ಮಸ್ಸಿಗೆ ರಜೆ ಸಿಕ್ಕಿತು, ದೊಡ್ಡಪ್ಪ ತೀರಿಕೊಂಡರೆಂದು ಅವನು ಉತ್ತರದ ಊರಿಗೆ ಹೋಗಬೇಕಾಯಿತು, ಇಲ್ಲಿ ಪೆಂದಾಗೆ ಮೈತುಂಬ ಸೀತಾಳೆ ಸಿಡುಬು, ಮಗುವನ್ನು ಹೊತ್ತು ಅಷ್ಟು ದೂರ ಬಸ್ಸಿನಲ್ಲಿ ಹೇಗೆ ಹೋಗುವುದು, ಆಮೇಲೆ ಬಂದದ್ದೆಲ್ಲ ಮಗು ಮಲಗಿದ ಮೇಲೆ ಬಂದು ಏಳುವ ಮುಂಚೆ ಹೋದದ್ದು. ನಿದ್ದೆ ಮಾಡೋ ಮಗನ್ನ ನೋಡಿ ನೋಡಿ ಸಾಕಾಯ್ತು ಕಣೇ, ಓಡೋದನ್ನ ನೋಡ್ಬೇಕು, ನನ್ನ ನೋಡಿ ಏನಂತಾನೆ ಅಂತ ಕೇಳ್ಬೇಕು, ಅಂದಿದ್ದ ಅದೇ ಫೋನಿನಲ್ಲಿ. ಆವತ್ತೇ ತೀರ್ಮಾನ ಮಾಡಿದಳು, ಫೋನು ಇಟ್ಟ ಕೈ ಇನ್ನೂ ಫೋನಿನ ಮೇಲೇ ಇತ್ತು, ಈ ಸಲ ಗಡಿಯಾರಕ್ಕಿಂತ ಮುಂಚೆ ಮಕ್ಕಳನ್ನು ತಿರುಗಿಸುತ್ತೇನೆ.

ಹೇಳುವುದು ಸುಲಭ, ರೇಡಿಯೋದ ಆ ಹೆಂಗಸು ಎಷ್ಟು ಮೆತ್ತಗೆ ಹೇಳಿದಳು, ಒಂದೇ ದಿನ ಎಳೆಯಬೇಡಿ ತಾಯಂದಿರೇ, ದಿನಕ್ಕೆ ಇಷ್ಟಿಷ್ಟೇ, ಊಟ, ಸ್ನಾನ, ಹಾಸಿಗೆ ಮೂರನ್ನೂ ಒಟ್ಟಿಗೆ ಸ್ವಲ್ಪ ಸ್ವಲ್ಪ ಬೇಗ ಮಾಡಿ, ಸಂಜೆ ಬೆಳಕು ಕಡಿಮೆ, ಬೆಳಿಗ್ಗೆ ಎದ್ದ ಕೂಡಲೇ ಬೆಳಕಿಗೆ ಕರೆತನ್ನಿ, ಆ ಹೆಂಗಸಿಗೆ ಪೆಂದಾ ಗೊತ್ತಿಲ್ಲ, ಮೊದಲನೆಯ ಸಂಜೆ ಹೊರಗೆ ಹುಡುಗರು ಇನ್ನೂ ಚೆಂಡು ಒದೆಯುತ್ತಿದ್ದಾರೆ, ಇವನನ್ನು ಎಳೆದು ತಂದು ಬಕೆಟ್ಟಿನ ಮುಂದೆ ನಿಲ್ಲಿಸಿದರೆ ಸೋಪು ಕಸಿದುಕೊಂಡು ಬೆತ್ತಲೆ ಓಡಿಬಿಟ್ಟ, ಮೂರು ಮನೆ ಆಚೆ ಹಿಡಿದು ತಂದರು, ಸಜ್ಜೆ ಮುದ್ದೆ ಮುಂದಿಟ್ಟರೆ ಇನ್ನೂ ಹೊಟ್ಟೆ ಹಸಿದಿಲ್ಲ ಅಂದ, ತುಯೆನಿ ನ್ಯಾಯ ಕೇಳಿದಳು, ನಾನು ದೊಡ್ಡೋಳು, ನಾನ್ಯಾಕೆ ಇವನ ಜೊತೆ ಮಲಗ್ಬೇಕು, ಕೂಕು ಮುದ್ದೆ ಮುರಿಯುತ್ತ ನೋಡಿದರು, ಇದೇನೇ ಹೊಸ ಆಟ, ಹಗಲಲ್ಲೇ ರಾತ್ರಿ ಮಾಡ್ತೀಯ, ನನ್ನ ಐದು ಮಕ್ಕಳೂ ಬಿದ್ದ ಕಡೆ ಮಲಗಿ ದೊಡ್ಡೋರಾದ್ರು, ಅದ್ರಲ್ಲೊಬ್ಬ ನಿನ್ನ ಗಂಡ, ಏನು ಕಮ್ಮಿಯಾಗಿದಾನೆ — ಕಮ್ಮಿ ಏನಿಲ್ಲ ಕೂಕು, ಅವನು ಮಗನ್ನ ನೋಡ್ಬೇಕಂತೆ ಅಷ್ಟೆ, ಎದ್ದಿರೋ ಮಗನ್ನ. ಮುದುಕಿ ಎದ್ದು ಹೋಗಿ ತನ್ನ ದಪ್ಪ ಕಂಬಳಿಯನ್ನು ತಂದು ಕಿಟಕಿಗೆ ತೂಗುಹಾಕಿ ಎರಡು ಮೊಳೆ ಹೊಡೆದರು, ಕೋಣೆ ಕತ್ತಲಾಯಿತು, ತಾವೂ ಮಕ್ಕಳ ನಡುವೆ ಉರುಳಿಕೊಂಡರು, ಕತೆ ಹೇಳ್ತೀನಿ ಬನ್ನಿ, ಒಂದಾನೊಂದು ಕಾಲದಲ್ಲಿ ಒಂದು ಆನೆ ಇತ್ತು, ಆನೆ ಇತ್ತು, ಆನೆ, ಅಷ್ಟೇ, ಕೂಕು ಎಲ್ಲರಿಗಿಂತ ಮೊದಲು ನಿದ್ದೆ, ಮಕ್ಕಳಿಬ್ಬರೂ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಅವರ ಗೊರಕೆಗೆ ಕಿಸಿಕಿಸಿ ನಗುತ್ತಿದ್ದರು.

ಎರಡನೆಯ ಸಂಜೆಯೂ ಹಾಗೇ, ಆಮೇಲಿನದೂ ಹಾಗೇ, ಬೆಳಿಗ್ಗೆ ಎಬ್ಬಿಸಿದರೆ ಒದೆತ, ನೀರು ಚಿಮುಕಿಸಿದರೆ ಅಳು, ಹೊರಗೆ ಮಂಜಿನಲ್ಲಿ ನಿಲ್ಲಿಸಿ ನೋಡು ಬೆಳಕು, ನೋಡು ಬೆಳಕು ಅಂದರೆ ಎಲ್ಲಿದೆ ಬೆಳಕು ಅಂತ ಅವನೇ ಕೇಳುತ್ತಿದ್ದ, ನ್ಯಾಯವಾದ ಪ್ರಶ್ನೆ, ಈ ಊರಿನ ಸೂರ್ಯ ಹತ್ತು ಗಂಟೆಗೆ ಮುಂಚೆ ಮುಖ ತೋರಿಸುವುದೇ ಅಪರೂಪ, ಅವಳಿಗೂ ನಿದ್ದೆಯಿಲ್ಲ, ತಾನು ದುಡಿಯುವ ಕಾರ್ಖಾನೆಯಲ್ಲಿ ಮೀನು ಸೀಳುವಾಗ ಕತ್ತಿ ಜಾರಿ ಕೈಗವಸು ಹರಿಯಿತು, ಎದುರಿಗೆ ನಿಂತ ಲೆಂಪಿ ನಕ್ಕಳು, ಮಕ್ಕಳನ್ನ ಮಲಗಿಸೋಕೆ ಹೋಗಿ ನೀನೇ ಮಲಗ್ತಿದೀಯಲ್ಲ, ಸೋಮವಾರ ನಿನ್ನ ಪಾಳಿ ನಾನು ಮಾಡ್ತೀನಿ ಬಿಡು, ನನ್ನ ಗಂಡ ಹೇಗಿದ್ರೂ ಮನೇಲೇ ಬಿದ್ದಿರ್ತಾನೆ, ನೋಡೋಕೆ ಏನೂ ಇಲ್ಲ ಅಲ್ಲಿ. ಪಕ್ಕದ ಬಾರಿನ ಹಾಡು ಇನ್ನೊಂದು ಶನಿ, ಗೋಡೆಯ ತಗಡು ಅದುರುವ ಹಾಗೆ ಡಬ್ ಡಬ್ ಡಬ್, ಸಂಜೆಯಾದರೆ ಸಾಕು, ಪೆಂದಾ ಹಾಸಿಗೆಯ ಮೇಲೆ ಮಲಗಿಯೇ ಸೊಂಟ ಕುಣಿಸುತ್ತಿದ್ದ, ಗುರುವಾರ ತಡೆಯಲಾಗದೆ ಹೋದಳು, ಬಾರಿನ ಯಜಮಾನಿ ಕಾಷಿಂಬಾ, ಬೀದಿಗೆಲ್ಲ ಮೇಮೆ, ಬೆಟ್ಟದಂಥ ಹೆಂಗಸು, ಅವಳ ಬಳಿ ದನಿ ತಗ್ಗಿಸಿ ಅಂತ ಕೇಳಿದವರು ಈ ಬೀದಿಯಲ್ಲಿ ಯಾರೂ ಇಲ್ಲ, ಏನು ಬೇಕು ನಿಂಗೆ, ಹಾಡು ಸ್ವಲ್ಪ ಸಣ್ಣ ಮಾಡಿ ಮೇಮೆ, ಮಕ್ಕಳು ಮಲಗ್ಬೇಕು, ಈಗಲಾ, ಇನ್ನೂ ಸೂರ್ಯ ಮುಳುಗಿಲ್ಲ, ಕುಡಿಯೋರೇ ಎದ್ದಿಲ್ಲ ಇನ್ನೂ — ಆದರೂ ಹೇಳಿದಳು, ಎಲ್ಲ ಹೇಳಿದಳು, ಹಡಗು, ಎಣ್ಣೆ, ಒಂದು ಗಂಟೆ, ಹೋದ ವರ್ಷದ ಗೊರಕೆ, ಕಾಷಿಂಬಾ ಬಾಟಲಿಯ ಮುಚ್ಚಳ ತಿರುವುತ್ತ ಕೇಳಿಸಿಕೊಂಡಳು, ನಮ್ಮಪ್ಪಾನೂ ಹಡಗಿನೋನೇ ಕಣೇ, ಅಂದಳು, ಅವನು ಬಂದ ರಾತ್ರಿ ನಮ್ಮಮ್ಮ ನಮ್ಮನ್ನ ಒದ್ದು ಎಬ್ಬಿಸ್ತಿದ್ಲು, ಹೋಗು, ಹಾಡಿನ ತಂತಿ ಕಿತ್ತೆ ಅನ್ಕೋ, ಸೋಮವಾರದ ತನಕ, ಸೋಮವಾರ ಸಂಜೆಗೆ ಎರಡರಷ್ಟು ಹಾಕ್ತೀನಿ, ಆಮೇಲೆ ಬಂದೀಯಾ ಜೋಕೆ. ಆ ಸಂಜೆ ಬೀದಿ ಎಷ್ಟು ಸುಮ್ಮನಿತ್ತೆಂದರೆ ಕೂಕು ಹೆದರಿಬಿಟ್ಟರು, ಯಾರು ಸತ್ರೇ, ಯಾರೂ ಇಲ್ಲ ಕೂಕು, ಆನೆ ಕತೆ ಹೇಳಿ, ಆನೆ ಇನ್ನೂ ಕಾಡು ಸೇರುವ ಮೊದಲೇ ಪೆಂದಾನ ಉಸಿರು ಉದ್ದವಾಯಿತು, ಅವಳು ಬಾಗಿಲ ಹೊರಗೆ ಕೂತು ಒಂದೊಂದು ಉಸಿರನ್ನೂ ಕೇಳಿಸಿಕೊಂಡಳು, ಎದ್ದು ಕುಣಿಯಬೇಕೆನಿಸಿತು, ಕುಣಿದರೆ ಎದ್ದುಬಿಡುತ್ತಾನೆ, ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

ಮತ್ತೆ ನಿನ್ನೆ, ಇಡೀ ಊರು ಗಡಿಯಾರ ಹಿಡಿದುಕೊಂಡು ಗೊಂದಲ, ಚರ್ಚಿಗೆ ಅರ್ಧ ಜನ ಪ್ರಾರ್ಥನೆ ಮುಗಿದ ಮೇಲೆ ಬಂದರು, ಪಾದ್ರಿ ನಗುತ್ತ ಹೊಸಿಲಲ್ಲೇ ಅವರನ್ನು ಹರಸಿ ಕಳಿಸಿದರು, ಇವಳ ಮಕ್ಕಳು ಮಾತ್ರ ಮೊದಲ ಸಾಲಿನಲ್ಲಿ ತಲೆ ಬಾಚಿಕೊಂಡು ಕೂತಿದ್ದರು, ಹೆಮ್ಮೆ ಎಂದರೆ ಹೆಮ್ಮೆ, ಮಧ್ಯಾಹ್ನ ತೂಕಡಿಸಿದವನನ್ನು ಹೆಚ್ಚು ಹೊತ್ತು ಮಲಗಲು ಬಿಡಲಿಲ್ಲ, ಎತ್ತಿಕೊಂಡು ಹಿನ್ನೀರಿನ ದಡಕ್ಕೆ ಹೋಗಿ ಕೆಂಪು ಕಾಲಿನ ಕೊಕ್ಕರೆಗಳ ಹಿಂದೆ ಓಡಿಸಿದಳು, ಓಡಿ ಓಡಿ ಸುಸ್ತಾಗಲಿ. ಮತ್ತೆ ಇವತ್ತು, ಈ ಬೆಳಿಗ್ಗೆ, ದೇವರೇ ಅದನ್ನು ಯಾರಿಗೆ ಹೇಳಲಿ, ಅವಳು ಹಾಸಿಗೆಯ ಹತ್ತಿರ ಹೋಗಿ ಪೆಂದುಕಾ, ಏಳಪ್ಪ, ಪೆಂದುಕಾ ಅಂತ ತಮ್ಮ ಮಾತಿನಲ್ಲಿ ಏಳು ಏಳು ಅನ್ನುವುದಕ್ಕೆ ಬಾಯಿ ತೆರೆದಿದ್ದಳು ಅಷ್ಟೇ, ಕಂಬಳಿಯೊಳಗಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು, ಯಾರೂ ಎಬ್ಬಿಸದೆ, ನೀರಿಲ್ಲದೆ, ಅಳುವಿಲ್ಲದೆ, ಮೇಮೆ ಬೆಳಗಾಯ್ತಾ, ಆಯ್ತು ಬಂಗಾರ, ಬೆಳಗಾಯ್ತು, ಹೊರಗೆ ಗವ್ವೆನ್ನುವ ಕತ್ತಲು, ಆದರೂ ಬೆಳಗಾಯ್ತು, ಅವನನ್ನು ಎತ್ತಿ ಗಿರಗಿರ ತಿರುಗಿಸಿಬಿಟ್ಟಳು, ಚಹಾದ ನೀರು ಉಕ್ಕಿ ಒಲೆ ಆರಿತು, ಆರಲಿ.

ಕಾರ್ಖಾನೆಯ ಬಸ್ಸು ಹಾದುಹೋಯಿತು, ಬಿಳಿ ಬೂಟಿನ ಹೆಂಗಸರು ಕಿಟಕಿಗೆ ತಲೆ ಆನಿಸಿ ಮಲಗಿದ್ದಾರೆ, ರೈಲು ಹಳಿ ದಾಟಿದರೆ ಬಂದರಿನ ಬೇಲಿ, ಬೇಲಿಯ ಆಚೆ ಕ್ರೇನುಗಳ ಕತ್ತು ಮಂಜಿನಲ್ಲಿ ಅರ್ಧ ಕಾಣುತ್ತದೆ ಅರ್ಧ ಇಲ್ಲ, ಅದೋ ದೀಪ, ಹಡಗಿನದೇ ದೀಪ, ಬಂದಿದೆ, ಬಂದುಬಿಟ್ಟಿದೆ, ಕಾಲು ತಾನಾಗಿ ಓಡತೊಡಗಿತು, ಬೆನ್ನ ಮೇಲೆ ಪೆಂದಾ ಕುಲುಕುತ್ತ ನಗುತ್ತಾನೆ, ಇನ್ನೂ ಜೋರಾಗಿ ಮೇಮೆ, ಗೇಟಿನ ಮುಂದೆ ಬೇರೆ ಹೆಂಗಸರು ಆಗಲೇ ಸೇರಿದ್ದಾರೆ, ಆದರೆ ಗೇಟು ಮುಚ್ಚಿದೆ, ಕಾವಲುಗಾರ ಕುರ್ಚಿಯಿಂದ ಎದ್ದಿಲ್ಲ, ಗಡ್ಡ ನೆರೆತ ಮನುಷ್ಯ, ತಲೆಗೆ ಉಲ್ಲನ್ ಟೋಪಿ, ಮಫ್ಲರು, ಏಳಕ್ಕೆ ಬಿಡು ಅಂತ ಹೇಳಿದಾರೆ ನಂಗೆ, ಏಳಕ್ಕೆ ಬಿಡ್ತೀನಿ, ಏಳಾಯ್ತಲ್ಲ ತಾತೆ ಅಂದಳು ರೌನಾ, ಎಲ್ಲಿ ಏಳು, ನೋಡಮ್ಮ ಅಂತ ಕಾವಲುಗೂಡಿನೊಳಗಿನ ಗೋಡೆ ತೋರಿಸಿದ, ಗೋಡೆಯ ಮೇಲೆ ಗಡಿಯಾರ, ಆರು, ಸರಿಯಾಗಿ ಆರು — ಇಲ್ಲ ತಾತೆ ಅದು ಹಳೇದು, ನಿನ್ನೆ ಬದಲಾಯ್ತು, ಒಂದು ಗಂಟೆ ಮುಂದೆ, ಅದೆಲ್ಲ ನಂಗೆ ಗೊತ್ತಿಲ್ಲ, ಇದು ಕಂಪನಿ ಗಡಿಯಾರ, ಅದನ್ನ ಮುಟ್ಟೋಕೆ ನಂಗೆ ಅಧಿಕಾರ ಇಲ್ಲ, ನಿಮ್ಮ ಫೋನ್ ನೋಡಿ, ಫೋನ್ ಸತ್ತಿದೆ, ನನ್ನ ಫೋನ್ ನೋಡಿ, ನಿನ್ನ ಫೋನ್ ನಿನ್ನ ಮಾತು ಕೇಳತ್ತೆ, ಕಂಪನಿ ಮಾತು ಕೇಳಲ್ಲ. ಎಲ್ಲ ಹೆಂಗಸರೂ ಒಟ್ಟಿಗೆ ಬಾಯಿ ಮಾಡತೊಡಗಿದರು, ಒಂದೊಂದು ಮಾತಿಗೂ ಒಂದೊಂದು ನಿಮಿಷ ಸುಡುತ್ತಿದೆ, ಎಂಟಾದರೆ ಮುಗಿಯಿತು, ಹೊಸ ಎಂಟು, ಇವನ ಎಂಟಲ್ಲ, ಒಂದು ವಾರದ ಕಂಬಳಿ, ಕತ್ತಲು, ಆನೆ, ಕಾಷಿಂಬಾ, ಎಲ್ಲ ಈ ಮನುಷ್ಯನ ಗೋಡೆಗೆ ಬಡಿದು ಬೀಳುವುದೇ, ಮೇಮೆ ಇವ್ರೇನಾ ತಾತೆ ಅಂತ ಪೆಂದಾ ಭುಜದ ಮೇಲಿಂದ ಕೇಳಿದ, ಅಲ್ಲ ಕಣೋ, ಎಲ್ಲರೂ ತಾತೆ ಅಂದ್ರಲ್ಲ, ದೊಡ್ಡೋರನ್ನೆಲ್ಲ ತಾತೆ ಅಂತಾರೆ, ಅಪ್ಪನ್ನೂ ತಾತೆ ಅಂತಾರೆ, ಇವ್ರು ಬೇರೆ ತಾತೆ, ಹಾಗಾದ್ರೆ ನನ್ನ ತಾತೆ ಯಾವುದು, ಇಷ್ಟು ಜನರ ಮುಂದೆ ಕೇಳಿಬಿಟ್ಟ, ಕಾವಲುಗಾರ ಮಗುವನ್ನು ನೋಡಿದ, ರೌನಾಳನ್ನು ನೋಡಿದ, ಮಫ್ಲರು ಸರಿಮಾಡಿಕೊಂಡ, ಇವನು ಅಪ್ಪನ್ನ ನೋಡೋಕೆ ಇಷ್ಟು ಹೊತ್ತಿಗೇ ಎದ್ದವ್ನೇ ಅಂದ್ರೆ, ಅಂತ ಗೊಣಗಿದ, ನನ್ನ ಮೊಮ್ಮಕ್ಕಳೆಲ್ಲ ಇನ್ನೂ ಬಿದ್ಕೊಂಡವ್ರೆ, ಎದ್ದು ಗೂಡಿನೊಳಗೆ ಹೋಗಿ ಸ್ಟೂಲು ಹತ್ತಿದ, ಬೆರಳಿನಿಂದ ಮುಳ್ಳನ್ನು ಒಂದು ಸುತ್ತು ತಳ್ಳಿದ, ನೋಡ್ರಮ್ಮ, ಏಳಾಯ್ತು, ಕಂಪನಿ ಕೇಳಿದ್ರೆ ನೀವೇ ಹೇಳ್ಬೇಕು, ಗೇಟು ಕಿರ್ರೆಂದು ತೆರೆಯಿತು.

ಮಂಜಿನೊಳಗಿಂದ ಒಬ್ಬೊಬ್ಬರಾಗಿ ಗಂಡಸರು, ಕಿತ್ತಳೆ ಬಣ್ಣದ ರಬ್ಬರು ಅಂಗಿ, ಕೆಸರು ಬೂಟು, ಅದೇ ನಡಿಗೆ, ನೆಲವೂ ಅಲುಗುತ್ತಿದೆಯೆಂಬ ಹಾಗೆ ಕಾಲು ಅಗಲಿಸಿ ನಡೆಯುವ ನಡಿಗೆ, ಅವನೇ, ಗಡ್ಡ ಬೆಳೆದಿದೆ, ಕೆನ್ನೆ ಇಳಿದಿದೆ, ಅವನೇ, ತುಯೆನಿ ಕಿರುಚಿಕೊಂಡು ಓಡಿ ಅವನ ಕತ್ತಿಗೆ ಜೋತುಬಿದ್ದಳು, ರೌನಾ ಗಂಟು ಬಿಚ್ಚಿ ಪೆಂದಾನನ್ನು ಕೆಳಗಿಳಿಸಿದಳು, ಹೋಗು, ಓಡು, ಪೆಂದಾ ಓಡಲಿಲ್ಲ, ಅವಳ ಲಂಗದ ಹಿಂದೆ ಸರಿದ, ಗುಲಾಬಿ ಪಟ್ಟೆಗಳ ನಡುವಿನಿಂದ ಒಂದು ಕಣ್ಣು, ನಾತಂಗ್ವೆ ಅಲ್ಲೇ ಮಂಡಿಯೂರಿ ಕೂತ, ಹತ್ತಿರ ಬರಲಿಲ್ಲ, ಅವನಿಗೆ ಎಷ್ಟು ಆಸೆಯಿತ್ತೋ, ಆದರೂ ಬರಲಿಲ್ಲ, ಎದ್ದಿದಾನೆ ಅಂತ ಅವಳನ್ನು ನೋಡಿ ಪಿಸುಗುಟ್ಟಿದ, ರೌನಾ, ಎದ್ದಿದಾನೆ ಕಣೇ, ಪೆಂದಾ, ನಾನಪ್ಪ, ತಾತೆ, ಪೆಂದಾ ಅವನನ್ನು ಬೂಟಿನಿಂದ ಗಡ್ಡದವರೆಗೆ ಅಳೆದ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ, ಇದು ಬೇರೆ ತಾತೆ, ನನ್ನ ತಾತೆ ಫೋನಲ್ಲಿರೋದು. ಅಕ್ಕಪಕ್ಕದವರು ಗೊಳ್ಳೆಂದು ನಕ್ಕರು, ಅವಳಿಗೆ ನಗು ಬರಲಿಲ್ಲ, ಕಣ್ಣು ಉರಿಯಿತು, ಇಷ್ಟೆಲ್ಲ ಮಾಡಿ ಎಬ್ಬಿಸಿ ತಂದದ್ದು ಇದನ್ನು ಕೇಳಿಸುವುದಕ್ಕೇ, ಮಲಗಿದ್ದರೆ ಕಡೇಪಕ್ಷ ಎತ್ತಿಕೊಳ್ಳುತ್ತಿದ್ದನಲ್ಲ, ನಾತಂಗ್ವೆಯ ಮುಖದಲ್ಲಿ ಏನೂ ಇಲ್ಲ, ಗಾಳಿ ಬಡಿದ ಮುಖ, ಅವನು ತುಯೆನಿಯ ಕೈಗಳನ್ನು ಕತ್ತಿನಿಂದ ಮೆಲ್ಲಗೆ ಬಿಡಿಸಿದ, ಎದ್ದ, ಬೆನ್ನು ತಿರುಗಿಸಿದ, ಹೊರಟೇ ಹೋಗುತ್ತಾನಾ, ನಾತಂಗ್ವೆ, ಏ, ಅವನು ಹೋದದ್ದು ದೀಪದ ಕಂಬದವರೆಗೆ, ಕಂಬದ ಹಿಂದೆ ನಿಂತ, ಮುಷ್ಟಿ ಕಟ್ಟಿ ಕಿವಿಗೆ ಹಿಡಿದ, ಎಂಜಿನ್ನಿನ ಮೇಲೆ ಕಿರುಚುವ ಆ ದನಿಯಲ್ಲಿ, ಹಲೋ, ಹಲೋ, ಕೇಳಿಸ್ತಿದೆಯಾ, ಅಲ್ಲಿ ಪೆಂದಾ ಇದಾನಾ.

ಲಂಗದ ಹಿಂದೆ ಒಂದು ಮೈ ಸೆಟೆದುಕೊಂಡಿತು. ಹಲೋ, ಪೆಂದಾ ಇದಾನಾ ಅಂತ ಕೇಳ್ದೆ, ಪುಟ್ಟ ಕೈ ನಿಧಾನವಾಗಿ ಮೇಲೆದ್ದಿತು, ಬೆರಳು ಮಡಚಿ ಮುಷ್ಟಿಯಾಯಿತು, ಕಿವಿಗೆ ಹೋಯಿತು, ಇದಾನೆ ಅಂದ, ಮೆಲ್ಲಗೆ, ಜೋರಾಗಿ ಹೇಳಪ್ಪ, ಇಲ್ಲಿ ಗಾಳಿ, ಇದಾನೆ, ಏನು ಮಾಡ್ತಿದಾನೆ, ನಿಂತಿದಾನೆ, ಎದ್ದಿದಾನಾ ಮಲಗಿದಾನಾ, ಎದ್ದಿದಾನೆ, ಎಲ್ಲರಿಗಿಂತ ಮೊದ್ಲು ಎದ್ದ, ಯಾರೂ ಎಬ್ಬಿಸ್ಲಿಲ್ಲ, ತಾತೆ ನಾನು ಹಿನ್ನೀರಲ್ಲಿ ಕೊಕ್ಕರೆ ಓಡಿಸ್ದೆ, ಎಷ್ಟು ಓಡಿಸ್ದೆ, ಎಲ್ಲಾನೂ, ಶಭಾಷ್, ಆಮೇಲೆ ಮಗು ಕೇಳಿತು, ತಾತೆ, ನೀನೆಲ್ಲಿದೀಯ, ನಾನಾ, ನಾನು ಕಂಬದ ಹಿಂದೆ ಇದೀನಿ, ಯಾವ ಕಂಬ, ದೀಪ ಇದ್ಯಲ್ಲ, ಆ ಕಂಬ. ಪೆಂದಾ ಮುಷ್ಟಿಯನ್ನು ಕಿವಿಯಿಂದ ತೆಗೆಯದೆ ನಡೆದ, ಫೋನು ಕಡಿದುಹೋಗಬಾರದಲ್ಲ, ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಇಟ್ಟ, ಕಾವಲುಗಾರನೂ ಗೂಡಿನಿಂದ ಕತ್ತು ಚಾಚಿದ್ದಾನೆ, ಕಂಬದ ಒಂದು ಬದಿಯಿಂದ ತಲೆ ಬಗ್ಗಿಸಿ ನೋಡಿದ, ಆ ಬದಿಯಿಂದ ಗಡ್ಡದ ಮುಖವೂ ಬಗ್ಗಿತು, ಅದರ ಕಿವಿಯಲ್ಲೂ ಮುಷ್ಟಿ, ಹಲೋ ಅಂತು ಗಡ್ಡ, ಈ ಸಲ ಮೆಲ್ಲಗೆ, ಹಲೋ ಅಂದ ಪೆಂದಾ, ಅವನ ಬಾಯಿ ನೋಡಿದ, ದನಿ ಬರುವ ಬಾಯಿ, ಕೈ ಚಾಚಿ ಆ ಬಾಯಿಯನ್ನು ಮುಟ್ಟಿದ, ನೀನೇನಾ, ನಾನೇ, ಒಳಗಿಂದ ಹೊರಗೆ ಬಂದ್ಯಾ, ಬಂದೆ ಕಣೋ — ಆಮೇಲೆ ಏನಾಯಿತೆಂದು ರೌನಾಳಿಗೆ ಸರಿಯಾಗಿ ಕಾಣಲಿಲ್ಲ, ಕಣ್ಣ ತುಂಬ ನೀರು, ಕಿತ್ತಳೆ ಬಣ್ಣದ ಮೇಲೆ ಒಂದು ಪುಟ್ಟ ಮೈ ಹತ್ತುತ್ತಿತ್ತು ಮರ ಹತ್ತಿದ ಹಾಗೆ, ಮತ್ತೆ ಓಟ, ಓಟವೇ ಓಟ, ಕಂಬದಿಂದ ಗೇಟಿಗೆ, ಗೇಟಿನಿಂದ ಕಂಬಕ್ಕೆ, ಬೂಟಿನ ಧಪ ಧಪ, ಮಗುವಿನ ಕೇಕೆ, ಹಿಡಿ ತಾತೆ, ಸಿಗಲ್ಲ ತಾತೆ, ತುಯೆನಿಯೂ ಸೇರಿಕೊಂಡಳು, ಬೇರೆ ಮಕ್ಕಳೂ ಸೇರಿಕೊಂಡರು, ಅವಳೂ ಓಡಿದಳು, ಹೊಸ ಲಂಗ ಎತ್ತಿ ಹಿಡಿದುಕೊಂಡು, ಅವನು ಅವಳನ್ನೂ ಹಿಡಿದ, ಮೀನು ಎಣ್ಣೆ ಬೆವರು ಉಪ್ಪು ಎಲ್ಲ ಒಂದಾದ ಅವನ ವಾಸನೆ, ಹೇಗೆ ಎಬ್ಬಿಸಿದೆ ಇವನ್ನ ಅಂತ ಕಿವಿಯಲ್ಲಿ ಕೇಳಿದ, ದೊಡ್ಡ ಕತೆ, ಆನೆ ಇದೆ ಅದ್ರಲ್ಲಿ, ರಜೆಗೆ ಬಾ ಹೇಳ್ತೀನಿ.

ಹಡಗು ಕೂಗಿತು. ಮಂಜು ತೆಳುವಾಗುತ್ತಿತ್ತು, ಗುಡ್ಡಗಳ ಮೇಲೆ ಒಂದು ಹಳದಿ ಗೆರೆ, ಇಷ್ಟು ಬೇಗ ಹೇಗೆ ಎಂಟಾಯಿತು, ಗಂಡಸರು ಒಬ್ಬೊಬ್ಬರಾಗಿ ಮಕ್ಕಳನ್ನು ಕೆಳಗಿಳಿಸಿದರು, ನಾತಂಗ್ವೆ ಪೆಂದಾನನ್ನು ಇಳಿಸುವಾಗ ಅವಳು ಅಳುವಿಗೆ ಸಿದ್ಧಳಾಗಿ ನಿಂತಿದ್ದಳು, ಮಗು ಅಳಲಿಲ್ಲ, ತಾತೆ ಫೋನ್ ಮಾಡು ಅಂದ ಅಷ್ಟೇ, ಮಾಡ್ತೀನಿ, ಈಗ್ಲೇ ಮಾಡು, ಹಡಗು ಹತ್ತಿದ ಕೂಡ್ಲೇ ಮಾಡ್ತೀನಿ, ಗೇಟು ಮುಚ್ಚಿತು, ಅವರು ಬೇಲಿಯ ಉದ್ದಕ್ಕೂ ಓಡಿ ಕೊನೆಯ ಮೂಲೆಗೆ ಬಂದು ನಿಂತರು, ಶಾಲೆ ಲೇಟಾಯ್ತು ಅಂತ ತುಯೆನಿ ಒಂದು ಸಲ ಅಂದಳು, ಆಮೇಲೆ ಅವಳೂ ತಂತಿ ಹಿಡಿದು ನೋಡತೊಡಗಿದಳು, ಹಡಗು ದಡ ಬಿಟ್ಟು ನಿಧಾನವಾಗಿ ತಿರುಗುತ್ತಿದೆ, ಕಪ್ಪು ನೀರು ಅಗಲವಾಗುತ್ತಿದೆ, ಕಟಕಟೆಯ ಬಳಿ ಕಿತ್ತಳೆ ಚುಕ್ಕೆಗಳು, ಯಾವುದು ಅವನು, ಎಲ್ಲವೂ ಒಂದೇ ಥರ, ಎಲ್ಲವೂ ಕೈ ಬೀಸುತ್ತಿವೆ, ಎಲ್ಲಿದಾನೆ, ಎಲ್ಲಿದಾನೆ, ಅಲ್ಲಿ ಮೇಮೆ, ಪೆಂದಾ ಬೇಲಿಯ ತಂತಿಗೆ ಮೂಗು ಒತ್ತಿ ಕೂಗಿದ, ಅದೋ ಅದು, ನನ್ನ ತಾತೆ ಅದು, ಹೌದು, ಒಂದು ಚುಕ್ಕೆ ಕೈ ಬೀಸುತ್ತಿಲ್ಲ, ಅಲ್ಲಾಡದೆ ನಿಂತಿದೆ, ಮೊಣಕೈ ಮಡಚಿದೆ, ಕಿವಿಗೆ ಮುಷ್ಟಿ, ಇಲ್ಲಿ ಬೇಲಿಯ ಬಳಿ ಪುಟ್ಟ ಮೊಣಕೈ ಮಡಚಿದೆ, ಕಿವಿಗೆ ಮುಷ್ಟಿ, ನಡುವೆ ನೀರು ಬೆಳೆಯುತ್ತಿದೆ, ಹಲೋ ತಾತೆ, ಕೇಳಿಸ್ತಿದೆಯಾ, ನಾನಿನ್ನೂ ಎದ್ದೇ ಇದೀನಿ, ಕಿತ್ತಳೆ ಚುಕ್ಕೆ ಸಣ್ಣದಾಗುತ್ತಿದೆ, ಇನ್ನೂ ಸಣ್ಣದು, ಅದರ ಕಿವಿಗೆ ಮುಷ್ಟಿ, ಹಾಗೇ, ಕಿವಿಗೆ ಮುಷ್ಟಿ —